ಶಿವಕ್ಕ ಕೇಳಿಸಿಕೊಂಡದ್ದು

ಶಿವಕ್ಕನನ್ನು ನಾನು ಮೊದಲ ಸಲ ಕಣ್ಣಿಟ್ಟು ನೋಡಿದ್ದು ಅವರು ನಮ್ಮ ಡೈನಿಂಗ್ ಟೇಬಲ್ ಹತ್ತಿ ನಿಂತಿದ್ದಾಗ. 2012ರ ಏಪ್ರಿಲ್, ಬೆಳಗಿನ ಹನ್ನೊಂದು ಗಂಟೆ. ನಾನು ಏಳು ತಿಂಗಳ ಮಗಳು ಲಾಸ್ಯಾಳಿಗೆ ರಾಗಿ ಸರಿ ತಿನ್ನಿಸುತ್ತಿದ್ದೆ. ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಎದುರು ಮನೆಯಾಕೆ. ಎಡಿಸನ್ನಿನ ಆ ಅಪಾರ್ಟ್‌ಮೆಂಟಿನಲ್ಲಿ ನಾವು ಎದುರುಬದುರಾಗಿ ಒಂದು ವರ್ಷವಾಗಿದ್ದರೂ ಲಾಂಡ್ರಿ ರೂಮಿನಲ್ಲಿ ಸಿಕ್ಕಾಗ ಎರಡು ಮಾತಾಡಿದ್ದು ಬಿಟ್ಟರೆ ಹೆಚ್ಚಿನ ಬಳಕೆ ಇರಲಿಲ್ಲ. ನೈಟಿಯ ಮೇಲೆ ಗಂಡನ ಜಾಕೆಟ್ಟು, ಒಂದು ಕೈಯಲ್ಲಿ ಸ್ಕ್ರೂಡ್ರೈವರ್, ಇನ್ನೊಂದು ಕೈಯಲ್ಲಿ ಬಟ್ಟೆ ಒಗೆಯುವ ಬುಟ್ಟಿ. ಬುಟ್ಟಿಯ ತುಂಬ ಸ್ಮೋಕ್ ಅಲಾರ್ಮುಗಳು. ನಮ್ಮ ಕಟ್ಟಡದ ಮೂರೂ ಮಹಡಿಯ ಮೊಗಸಾಲೆಗಳಿಂದ ಕಿತ್ತವು.

"ಇದರಾಗಿಂದ ಮಾತಾಡ್ಲಿಕತ್ತಾರ್ರಿ. ಕೂಸಿಗೂ ಕೇಳ್ತೈತಿ. ನಾ ತಗದು ಒಗೀತೀನಿ, ನೀವು ಅಂಜಬ್ಯಾಡ್ರಿ" ಎನ್ನುತ್ತ ಒಳಗೆ ಬಂದವರೇ ಟೇಬಲ್ ಹತ್ತಿದರು. ಕಣ್ಣು ಕೆಂಪಾಗಿದ್ದವು. ಎಷ್ಟೋ ದಿನದಿಂದ ನಿದ್ದೆಯಿಲ್ಲವೆಂದು ಯಾರಿಗಾದರೂ ಗೊತ್ತಾಗುತ್ತಿತ್ತು. ನಾನು ಮಗುವನ್ನು ಎತ್ತಿಕೊಂಡು ಬೆಡ್‌ರೂಮಿಗೆ ಓಡಿ ಚಿಲಕ ಹಾಕಿಕೊಂಡೆ. 911ಕ್ಕೆ ಫೋನ್ ಮಾಡಿದೆ.

ಪೊಲೀಸರು ಬಂದರು, ಆಂಬುಲೆನ್ಸ್ ಬಂತು. ಅಷ್ಟು ಹೊತ್ತಿಗೆ ಪಾರ್ಕಿಂಗ್ ಲಾಟಿಗೆ ಇಳಿದಿದ್ದ ಶಿವಕ್ಕ ಸ್ಕ್ರೂಡ್ರೈವರ್ ಕೆಳಗಿಡಲಿಲ್ಲ. ಪೊಲೀಸರು ಹೇಳಿದ್ದು ಅವರಿಗೆ ಅರ್ಥವಾದಂತೆಯೇ ಕಾಣಲಿಲ್ಲ. ಕೈಗೆ ಬೇಡಿ ಹಾಕಿ ಕರೆದುಕೊಂಡು ಹೋದರು. ಸುತ್ತ ನೆರೆಯವರೆಲ್ಲ ನಿಂತಿದ್ದರು. ನಾನು ಮೇಲಿನ ಕಿಟಕಿಯಿಂದ, ಪರದೆಯ ಸಂದಿಯಲ್ಲಿ ನೋಡಿದೆ. "ಅಪ್ಪಾ, ಬಾಗಲಾ ತಗದೈತಿ, ಬಾ" ಎಂದು ಕೂಗುತ್ತಿದ್ದರು. ಯಾರಿಗೆ ಹೇಳುತ್ತಿದ್ದಾರೆಂದು ನನಗೆ ತಿಳಿಯಲಿಲ್ಲ.

ಮುಂದಿನದ್ದನ್ನೆಲ್ಲ ನನಗೆ ಹೇಳಿದವರು ಅವರೇ, ಬೇರೆ ಬೇರೆ ವರ್ಷಗಳಲ್ಲಿ, ತುಂಡು ತುಂಡಾಗಿ. ಬರೆಯಲು ಒಪ್ಪಿಗೆ ಕೇಳಿದಾಗ, "ಬರಿ. ಆದ್ರ ನನ್ನ ದೇವತಿ ಮಾಡಬ್ಯಾಡ" ಅಂದರು. ಪ್ರಯತ್ನಿಸುತ್ತೇನೆ.

ಶಿವಕ್ಕ ನರಗುಂದದವರು. ಅಲ್ಲಿಯ ಹೈಸ್ಕೂಲಿನಲ್ಲಿ ಏಳು ವರ್ಷ ಗಣಿತದ ಟೀಚರ್ ಆಗಿದ್ದರು. ಕೈವಾರ ಇಲ್ಲದೆ ಬೋರ್ಡಿನ ಮೇಲೆ ಒಂದೇ ಬೀಸಿಗೆ ವೃತ್ತ ಬರೆಯುತ್ತಿದ್ದರಂತೆ. ಸುರುವಾದ ಕಡೆಯೇ ಗೆರೆ ಬಂದು ಕೂಡುತ್ತಿತ್ತಂತೆ. ಅವರ ಅಪ್ಪ ಅದೇ ಶಾಲೆಯ ಜವಾನರು. ಬೆಲ್ ಹೊಡೆಯುವುದು, ಬಾಗಿಲು ತೆಗೆಯುವುದು, ಹಾಕುವುದು ಅವರ ಕೆಲಸ. ಮಗಳು ತನ್ನದೇ ಶಾಲೆಗೆ ಟೀಚರಾಗಿ ಬಂದಾಗ ಅಪ್ಪ ಮೊದಲ ದಿನ ಸ್ಟಾಫ್ ರೂಮಿನ ಬಾಗಿಲು ತೆಗೆದು, "ಬರ್ರಿ ಟೀಚರ್" ಎಂದು ಬಹುವಚನದಲ್ಲಿ ಕರೆದಿದ್ದರಂತೆ. ಅದನ್ನು ಹೇಳುವಾಗ ಶಿವಕ್ಕ ಈಗಲೂ ನಗುತ್ತಾರೆ.

2001ರಲ್ಲಿ ಗಂಡ ವೀರೇಂದ್ರ ಅವರ ಜೊತೆ ಇಲ್ಲಿಗೆ ಬಂದರು. ವೀರೇಂದ್ರ ಅವರು ಒಂದು ಇನ್ಶೂರೆನ್ಸ್ ಕಂಪನಿಯ ಡೇಟಾಬೇಸ್ ನೋಡಿಕೊಳ್ಳುವವರು. ಮೆಟ್ರೋಪಾರ್ಕ್ ಸ್ಟೇಷನ್ನಿನಿಂದ ದಿನಾ ಮ್ಯಾನ್‌ಹಟನ್ನಿಗೆ ಕಮ್ಯೂಟ್. ಶಿವಕ್ಕನ ವೀಸಾದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಮಗಳು ಭೂಮಿಕಾ ಹುಟ್ಟಿದಳು. ಹತ್ತು ವರ್ಷ ಹಾಗೇ ಹೋಯಿತು. 2012ರ ಫೆಬ್ರವರಿಯಲ್ಲಿ ನರಗುಂದದಲ್ಲಿ ಅಪ್ಪ ತೀರಿಕೊಂಡರು. ಗ್ರೀನ್ ಕಾರ್ಡಿನ ಅರ್ಜಿ ಹಾಕಿ ಎರಡು ವಾರವಾಗಿತ್ತು. ಈಗ ದೇಶ ಬಿಟ್ಟರೆ ಅರ್ಜಿಯೇ ಹೋಗಬಹುದೆಂದು ಲಾಯರ್ ಹೇಳಿದ. "ಮುಂದ ಹೋಗೂಣು" ಅಂದರು ವೀರೇಂದ್ರ. ಶಿವಕ್ಕ ಅಳಲಿಲ್ಲ. ಸ್ಕೈಪಿನಲ್ಲಿ ಮಣ್ಣು ಕೊಡುವುದನ್ನು ನೋಡಿದರು, ಎದ್ದು ಮಗಳ ಲಂಚ್ ಬಾಕ್ಸ್ ಕಟ್ಟಿದರು.

ಆಮೇಲೆ ನಿದ್ದೆ ಹೋಯಿತು. ಮೊದಲು ಎರಡು ಗಂಟೆ, ಆಮೇಲೆ ಪೂರ್ತಿ. ಮಾರ್ಚಿನಲ್ಲಿ ಅಪ್ಪನ ದನಿ ಕೇಳಿಸತೊಡಗಿತು: "ಶಿವೂ, ಬಾಗಲಾ ತಗಿ." ಅವರು ಹೋಗಿ ಬಾಗಿಲು ತೆಗೆಯುವರು. ಯಾರೂ ಇರುತ್ತಿರಲಿಲ್ಲ. ದಿನಕ್ಕೆ ಇಪ್ಪತ್ತು ಸಲ, ಮೂವತ್ತು ಸಲ. ಅದೇ ಹೊತ್ತಿಗೆ ಬ್ಯಾಟರಿ ಮುಗಿಯುತ್ತಿದ್ದ ಒಂದು ಸ್ಮೋಕ್ ಅಲಾರ್ಮು ನಿಮಿಷಕ್ಕೊಮ್ಮೆ ಕಿಚ್ ಎನ್ನುತ್ತಿತ್ತು. ಅಪ್ಪನ ಮಾತನ್ನು ಯಾರೋ ಅದರ ಮೂಲಕ ತಡೆಯುತ್ತಿದ್ದಾರೆ ಎಂದು ಅವರಿಗೆ ಖಚಿತವಾಯಿತು. ಎಲ್ಲವನ್ನೂ ಕಿತ್ತರೆ ಅಪ್ಪ ಒಳಗೆ ಬರಬಹುದು. ನಮ್ಮ ಮನೆಗೆ ಬಂದಿದ್ದು ಹಾಗೆ.

ಆಸ್ಪತ್ರೆಯಲ್ಲಿ ಅವರ ಇಂಗ್ಲಿಷ್ ಪೂರ್ತಿ ಹಾರಿಹೋಗಿತ್ತು. ಬಿ.ಎಸ್ಸಿ. ಓದಿದ ಹೆಂಗಸು, ನರಗುಂದದ ಕನ್ನಡ ಬಿಟ್ಟು ಬೇರೆ ಒಂದು ಶಬ್ದ ಬಾಯಿಗೆ ಬರುತ್ತಿರಲಿಲ್ಲ. ಮೊದಲ ದಿನ ಫೋನಿನಲ್ಲಿ ಹಿಂದಿ ದುಭಾಷಿಯನ್ನು ಕೊಟ್ಟರು. ಎರಡನೆಯ ದಿನ ಯಾವುದೋ ಊರಿನಿಂದ ಕನ್ನಡದವರು ಸಿಕ್ಕರು. ಅಷ್ಟು ಹೊತ್ತಿಗೆ ಇಂಜೆಕ್ಷನ್ ಕೊಟ್ಟಾಗಿತ್ತು. ಅದರ ಮರುದಿನದಿಂದ ಶಿವಕ್ಕನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ವಾರ್ಡಿನ ಉದ್ದಕ್ಕೂ ತಿರುಗುತ್ತಿದ್ದರು. ಡಾಕ್ಟರು ಏನಾಗುತ್ತಿದೆ ಎಂದು ಕೇಳಿದರು.

"ಕಾಲಾಗ ಇರುವಿ ಹರದಾಡಿದಂಗ ಆಗ್ಲಿಕತ್ತೈತ್ರಿ. ಜೀವಾ ನಿಲ್ಲವಲ್ದು" ಅಂದರು ಶಿವಕ್ಕ.

ಫೋನಿನಾಚೆಯ ದುಭಾಷಿಗೆ 'ಇರುವಿ' ಅಂದರೆ ಇರುವೆ ಎಂಬುದು ಗೊತ್ತಾಯಿತು. 'ಹರದಾಡಿದಂಗ' ಎಂಬುದರ ಕೊನೆಯ 'ಹಂಗ', 'ಜೀವಾ ನಿಲ್ಲವಲ್ದು' ಎಂಬಲ್ಲಿಯ ತಳಮಳ ಎಲ್ಲಿ ಹೋದವೋ. ತನ್ನ ಕಾಲಿನಲ್ಲಿ ಇರುವೆಗಳಿವೆ, ತನಗೆ ಬದುಕುವುದು ಬೇಡ ಎನ್ನುತ್ತಿದ್ದಾಳೆ ಎಂದು ಡಾಕ್ಟರಿಗೆ ತಲುಪಿತು. ಇಲ್ಲದ ಇರುವೆ ಕಾಣುವುದು ಕಾಯಿಲೆ ಏರಿದ ಗುರುತು. ಔಷಧಿಯ ಪ್ರಮಾಣ ಹೆಚ್ಚಿಸಿದರು. ಕಾಲಿನ ಚಡಪಡಿಕೆ ಆ ಔಷಧಿಯಿಂದಲೇ ಬರುವಂಥದ್ದು, ಎಷ್ಟೋ ಜನಕ್ಕೆ ಆಗುವಂಥದ್ದು ಎಂಬುದು ಶಿವಕ್ಕನಿಗೆ ತಿಳಿದದ್ದು ಎರಡು ವರ್ಷದ ಮೇಲೆ. ಔಷಧಿ ಏರಿದಷ್ಟೂ ಅವರು ಹೆಚ್ಚು ತಿರುಗಿದರು, ಹೆಚ್ಚು ತಿರುಗಿದಷ್ಟೂ ಔಷಧಿ ಏರಿತು. ಒಂದು ವಾರಕ್ಕೆ ಮುಗಿಯಬಹುದಾಗಿದ್ದದ್ದು ಐದು ವಾರವಾಯಿತು.

ಮನೆಗೆ ಬಂದಾಗ ದನಿ ಇರಲಿಲ್ಲ. ಅದನ್ನು ಶಿವಕ್ಕ ಯಾವತ್ತೂ ಅಲ್ಲಗಳೆದಿಲ್ಲ. "ಗುಳಗಿ ಕೆಲಸಾ ಮಾಡ್ತು. ಸಪ್ಪಳ ಹೋತು. ಆದ್ರ ಅದರ ಜೋಡಿ ನಾನೂ ಹೋದೆ" ಎನ್ನುತ್ತಾರೆ. ದಿನಕ್ಕೆ ಹದಿನಾಲ್ಕು ಗಂಟೆ ನಿದ್ದೆ. ಮೈ ದಪ್ಪವಾಯಿತು, ಬಾಯಿಯ ಮೂಲೆಯಲ್ಲಿ ಜೊಲ್ಲು, ಕೈಗೆ ನಡುಕ. ಒಂಬತ್ತು ವರ್ಷದ ಭೂಮಿಕಾ ಏನಾದರೂ ಕೇಳಿದರೆ ಉತ್ತರ ಬರಲು ಅಷ್ಟು ಹೊತ್ತಾಗುತ್ತಿತ್ತು. ಒಂದು ದಿನ ಆ ಹುಡುಗಿ, "ಅಮ್ಮ, ಯು ಆರ್ ಬಫರಿಂಗ್" ಅಂದಳಂತೆ. ಅಣಕಿಸಿದ್ದಲ್ಲ, ಪಾಪ, ಅವಳಿಗೆ ಗೊತ್ತಿದ್ದ ಶಬ್ದ ಅದು. ಲೆಕ್ಕ ಹೇಳಿಸಿಕೊಳ್ಳಲು ಬರುತ್ತಿದ್ದ ಅಕ್ಕಪಕ್ಕದ ಮಕ್ಕಳು ಬರುವುದನ್ನು ಬಿಟ್ಟರು. ನಾನೂ ತಪ್ಪಿಸಿಕೊಂಡು ತಿರುಗಿದೆ. ಅವರ ಮನೆಯ ಬಾಗಿಲು ತೆರೆದ ಸದ್ದಾದರೆ ನಾನು ಹೊರಡುವುದನ್ನು ಎರಡು ನಿಮಿಷ ತಡ ಮಾಡುತ್ತಿದ್ದೆ.

ಮೂರು ತಿಂಗಳಿಗೊಮ್ಮೆ ಡಾಕ್ಟರರ ಬಳಿ ಹದಿನೈದು ನಿಮಿಷ. ಇಂಗ್ಲಿಷ್ ಮರಳಿ ಬಂದಿತ್ತು. ಒಂದು ಸಲ ಶಿವಕ್ಕ ಕೇಳಿದರು, ಇದು ಎಷ್ಟು ದಿನ ಅಂತ.

"ಜೀವನಪೂರ್ತಿ. ಡಯಾಬಿಟಿಸ್ ಇದ್ದ ಹಾಗೆ."

"ಡಯಾಬಿಟಿಸಿಗೆ ರಕ್ತದ ಟೆಸ್ಟ್ ಇದೆ. ಇದಕ್ಕೆ ಯಾವ ಟೆಸ್ಟ್?"

"ಇದಕ್ಕೆ ಹಾಗೆ ಟೆಸ್ಟ್ ಇಲ್ಲ."

"ಹಾಗಾದರೆ ಜೀವನಪೂರ್ತಿ ಅಂತ ಹೇಗೆ ಗೊತ್ತು?"

ಡಾಕ್ಟರು ಕೆಟ್ಟವರಲ್ಲ, ಅವಸರದಲ್ಲಿದ್ದರು. ವೀರೇಂದ್ರ ಅವರ ಕಡೆ ತಿರುಗಿ, ಗುಳಿಗೆ ತಪ್ಪದಂತೆ ನೋಡಿಕೊಳ್ಳಿ ಅಂದರು. ಅಂದಿನಿಂದ ವೀರೇಂದ್ರ ಬೆಳಿಗ್ಗೆ ಟ್ರೇನಿಗೆ ಹೋಗುವ ಮುಂಚೆ ಎದುರಿಗೆ ನಿಂತು ನುಂಗಿಸಿ, ಬಾಯಿ ತೆಗೆಸಿ ನೋಡತೊಡಗಿದರು. ಲೆಕ್ಕದ ಟೀಚರಿಗೆ ತಾನು ಕೇಳಿದ ಪ್ರಶ್ನೆಗೆ ಉತ್ತರ ಸಿಗದಿದ್ದದ್ದಕ್ಕಿಂತ, ಪ್ರಶ್ನೆ ಕೇಳಿದ್ದೇ ಕಾಯಿಲೆ ಅನ್ನಿಸಿಕೊಂಡದ್ದಕ್ಕೆ ಹೆಚ್ಚು ನೋವಾಯಿತು.

2014ರ ವಸಂತದಲ್ಲಿ ಅವರು ಯಾರಿಗೂ ಹೇಳದೆ ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಿದರು. ನಾಲಿಗೆಯ ಕೆಳಗಿಟ್ಟು ಉಗುಳುವುದು. ನಾಲ್ಕು ದಿನ ಎಚ್ಚರ ಮರಳಿ ಬಂದಂತಾಯಿತು. ಎಂಟನೆಯ ದಿನ ನಿದ್ದೆ ಹೋಯಿತು. ಹನ್ನೊಂದನೆಯ ದಿನ ಮತ್ತೆ ಆಸ್ಪತ್ರೆ. ಈ ಸಲ ಅಪ್ಪನ ದನಿ ಬೈಯುತ್ತಿತ್ತು. "ಅದು ನಾ ಮಾಡಿದ ತಪ್ಪು" ಎಂದು ಶಿವಕ್ಕ ನೇರವಾಗಿ ಹೇಳುತ್ತಾರೆ. "ಓಡೂ ಗಾಡಿಯಿಂದ ಜಿಗದಂಗ. ಇಳೀಬೇಕಂದ್ರ ಗಾಡಿ ನಿಧಾನ ಆಗಬೇಕು."

ಆ ಎರಡನೆಯ ಆಸ್ಪತ್ರೆಯಲ್ಲಿ ಸಿಕ್ಕವನು ಟೋನಿ. ಅರವತ್ತರ ಹತ್ತಿರದ, ಬೇಯೋನ್ ಊರಿನ, ಮೊದಲು ಟ್ರಕ್ ಓಡಿಸುತ್ತಿದ್ದ ಮನುಷ್ಯ. ತಾನೇ ಈ ಕಾಯಿಲೆಯನ್ನು ಹಾದು ಬಂದವನು. ಅಂಥವರನ್ನು ರೋಗಿಗಳ ಜೊತೆ ಕೂರಲೆಂದೇ ಆ ವಾರ್ಡಿನಲ್ಲಿ ಕೆಲಸಕ್ಕೆ ಇಟ್ಟುಕೊಂಡಿದ್ದರು. ಬಿಳಿ ಕೋಟಿಲ್ಲ, ಫೈಲಿಲ್ಲ. ಕುರ್ಚಿ ಎಳೆದು ಪಕ್ಕದಲ್ಲಿ ಕೂತು ಕೇಳಿದ: "ನಿಮಗೆ ಕೇಳಿಸುವ ದನಿ ಇದೆಯಲ್ಲ, ಅದು ಏನು ಹೇಳುತ್ತೆ?"

ಎರಡು ವರ್ಷದಲ್ಲಿ ಎಲ್ಲರೂ ಕೇಳಿದ್ದು ದನಿ ಕೇಳಿಸುತ್ತದೆಯೇ ಇಲ್ಲವೇ ಎಂದು. ಹೌದು ಅಂದರೆ ಒಂದು ಗುರುತು, ಇಲ್ಲ ಅಂದರೆ ಇನ್ನೊಂದು. ಏನು ಹೇಳುತ್ತದೆ ಎಂದು ಕೇಳಿದವನು ಇವನೊಬ್ಬ. ಶಿವಕ್ಕ ಹೇಳಿದರು. ಬಾಗಿಲು, ಶಾಲೆ, ಬೆಲ್ಲು, ಸ್ಕೈಪಿನಲ್ಲಿ ನೋಡಿದ ಮಣ್ಣು. ಹೇಳುತ್ತ ಹೇಳುತ್ತ ಅಪ್ಪ ಸತ್ತ ಎರಡು ವರ್ಷಕ್ಕೆ ಮೊದಲ ಸಲ ಅತ್ತರು. ನರ್ಸ್ ಓಡಿ ಬಂದಳು. "ಪರವಾಗಿಲ್ಲ, ಇವರ ತಂದೆ ತೀರಿಕೊಂಡಿದ್ದಾರೆ" ಅಂದ ಟೋನಿ, ನಿನ್ನೆ ನಡೆದ ಸುದ್ದಿಯನ್ನು ಹೇಳುವವನ ಹಾಗೆ.

ಆ ಸಲ ಮನೆಗೆ ಬಂದ ಮೂರನೆಯ ವಾರ ಶಿವಕ್ಕ ನಮ್ಮ ಬಾಗಿಲು ತಟ್ಟಿದರು. ಒಳಗೆ ಬರಲಿಲ್ಲ, ಹೊಸ್ತಿಲಲ್ಲೇ ನಿಂತರು.

"ನೀತಾ ಅವರ, ಆವತ್ತ ಫೋನ್ ಮಾಡಿದ್ದು ನೀವ ಅಲ್ಲೇನ್ರಿ?"

"ಹೌದು ಶಿವಕ್ಕ. ಸಾರಿ. ಮಗು ಇತ್ತು, ನನಗೆ ತುಂಬ ಭಯ ಆಯ್ತು..."

"ಸಾರಿ ಯಾಕ? ನಿಮ್ಮ ಜಾಗಾದಾಗ ನಾ ಇದ್ದಿದ್ರ ನಾನೂ ಅದನ್ನ ಮಾಡ್ತಿದ್ದೆ. ಅದಕ್ಕ ಬಂದಿಲ್ಲ ನಾ." ಒಳಗಿನ ಕಿಟಕಿಯತ್ತ ಕೈ ತೋರಿಸಿದರು: "ನೀವು ಕಿಟಕ್ಯಾಗ ನಿಂತಿದ್ರಿ, ನಾ ನೋಡಿದ್ನಿ. ಕೆಳಗ ಇಳದು ಬಂದು ಕನ್ನಡದಾಗ ಒಂದು ಮಾತು ಹೇಳಿದ್ರ, ಆ ಸ್ಕ್ರೂಡ್ರೈವರ್ ನಾ ಕೆಳಗ ಇಡ್ತಿದ್ನಿ. ಅಷ್ಟು ಹೇಳಿ ಹೋಗೂಣು ಅಂತ ಬಂದೆ."

ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ನಮ್ಮ ಸ್ನೇಹ ಶುರುವಾದದ್ದು ಅವತ್ತು.

ಟೋನಿ ಹೇಳಿ ಕಳಿಸಿದ ಡಾಕ್ಟರು ಫೋರ್ಟ್ ಲೀಯಲ್ಲಿದ್ದರು: ಡಾ. ಪಾರ್ಕ್, ಎಪ್ಪತ್ತರ ಸಮೀಪದ ಕೊರಿಯನ್ ಹೆಂಗಸು. ಎಡಿಸನ್ನಿನಿಂದ ಟರ್ನ್‌ಪೈಕ್ ಹೆದ್ದಾರಿಯಲ್ಲಿ ಮುಕ್ಕಾಲು ಗಂಟೆ, ಟ್ರಾಫಿಕ್ ಇದ್ದರೆ ಒಂದೂವರೆ. ಮೊದಲ ಭೇಟಿ ಎರಡು ಗಂಟೆ ನಡೆಯಿತು. ಶಿವಕ್ಕ ಅದೇ ಹಳೆಯ ಪ್ರಶ್ನೆ ಕೇಳಿದರು: ಜೀವನಪೂರ್ತಿ ಅಂತ ಹೇಗೆ ಗೊತ್ತು?

"ನಿಮ್ಮ ವಿಷಯದಲ್ಲಿ ನನಗೆ ಗೊತ್ತಿಲ್ಲ" ಅಂದರು ಡಾ. ಪಾರ್ಕ್. "ಕೆಲವರಿಗೆ ಬೇಕೇ ಬೇಕು. ಕೆಲವರಿಗೆ ಕಮ್ಮಿ ಸಾಕು. ಕೆಲವರು ಬಿಟ್ಟೂ ಚೆನ್ನಾಗಿದ್ದಾರೆ. ನೀವು ಯಾವ ಗುಂಪು ಅಂತ ನಿಧಾನವಾಗಿ ನೋಡಬೇಕು. ಅಪಾಯ ಇಲ್ಲ ಅಂತ ಹೇಳಲಾರೆ. ನೀವು ನನಗೆ ಸುಳ್ಳು ಹೇಳಬಾರದು, ನಾನೂ ನಿಮಗೆ ಸುಳ್ಳು ಹೇಳಬಾರದು."

ಕಾರಿನಲ್ಲಿ ಬರುವಾಗ ವೀರೇಂದ್ರ ಅವರಿಗೆ ಸಿಟ್ಟು. "ಮತ್ತ ಮೊದಲಿನ್ಹಂಗ ಆದ್ರ? ಭೂಮಿ ಮುಂದ ಮತ್ತೊಮ್ಮೆ ಪೊಲೀಸ್ರು ಬಂದ್ರ?" ಎಂದು ಕೂಗಿದರಂತೆ. ಅದು ಸುಳ್ಳು ಹೆದರಿಕೆಯಲ್ಲ. ಶಿವಕ್ಕ ಮರುದಿನ ಒಂದು ಗ್ರಾಫ್ ಹಾಳೆಯ ನೋಟ್‌ಬುಕ್ ತಂದರು. ದಿನಾ ಮೂರು ಸಂಗತಿ: ಎಷ್ಟು ಗಂಟೆ ನಿದ್ದೆ, ದನಿ ಎಷ್ಟು ಸಲ, ಮತ್ತು ಕೈವಾರವಿಲ್ಲದೆ ಒಂದೇ ಬೀಸಿಗೆ ಬರೆದ ಒಂದು ವೃತ್ತ. ಮೊದಲ ಪುಟಗಳನ್ನು ನಾನು ನೋಡಿದ್ದೇನೆ. ವೃತ್ತವಲ್ಲ ಅವು, ಹಲ್ಲು ಬಿದ್ದ ಗರಗಸದ ಗಾಲಿಗಳು. ಗೆರೆ ಎಲ್ಲೋ ಸುರುವಾಗಿ ಎಲ್ಲೋ ಮುಗಿದಿರುತ್ತಿತ್ತು. ಡಾ. ಪಾರ್ಕ್ ಗುಳಿಗೆಯನ್ನು ಹತ್ತರಲ್ಲಿ ಒಂದು ಪಾಲು ಇಳಿಸುವರು, ಮೂರು ತಿಂಗಳು ಕಾಯುವರು, ನೋಟ್‌ಬುಕ್ ನೋಡುವರು. ನಿದ್ದೆ ಐದು ಗಂಟೆಗಿಂತ ಕೆಳಗೆ ಬಂದರೆ ಇಳಿಸುವುದು ನಿಲ್ಲುತ್ತಿತ್ತು. ಎರಡು ಸಲ ಹಿಂದಕ್ಕೂ ಹೋದರು.

ನೋಟ್‌ಬುಕ್ಕನ್ನು ಶಿವಕ್ಕ ಊಟದ ಮೇಜಿನ ಮೇಲೇ ಇಡುತ್ತಿದ್ದರು, ಗಂಡ ನೋಡಲಿ ಎಂದು. ಒಂದು ವರ್ಷದ ಮೇಲೆ ಒಂದು ಭಾನುವಾರ ವೀರೇಂದ್ರ ಅದನ್ನು ಮೊದಲಿಂದ ಕೊನೆಯವರೆಗೆ ತಿರುವಿ ನೋಡಿದರು. ವೃತ್ತಗಳು ನಿಧಾನವಾಗಿ ದುಂಡಗಾಗುತ್ತ ಬಂದಿದ್ದವು. ಮರುದಿನ ಬೆಳಿಗ್ಗೆ ಅವರು ಎದುರಿಗೆ ನಿಲ್ಲಲಿಲ್ಲ. "ನೀನ ತಗೋ" ಎಂದು ಡಬ್ಬಿಯನ್ನು ಅವರ ಕೈಗೆ ಕೊಟ್ಟು ಟ್ರೇನಿಗೆ ಹೋದರು. ಎಷ್ಟೋ ವರ್ಷದ ಮೇಲೆ ನನ್ನೆದುರು ಹೇಳಿದರು: "ಗಂಡ ಆಗೂದ ಬಿಟ್ಟು ವಾಚ್‌ಮನ್ ಆಗಿಬಿಟ್ಟಿದ್ನಿರಿ ನಾ."

ಗ್ರೀನ್ ಕಾರ್ಡ್ ಬಂದ ಮೇಲೆ, 2016ರಲ್ಲಿ ಶಿವಕ್ಕ ನರಗುಂದಕ್ಕೆ ಹೋದರು. ಅಪ್ಪನನ್ನು ಮಣ್ಣು ಮಾಡಿದ ಜಾಗದಲ್ಲಿ ಒಂದು ಮಧ್ಯಾಹ್ನ ಪೂರ್ತಿ ಕೂತು ಬಂದರು. ಅಲ್ಲಿ ಏನಾಯಿತು ಎಂದು ನಾನು ಕೇಳಿಲ್ಲ. ದನಿ ನಿಂತಿತೇ ಎಂದು ಕೇಳಿದೆ. "ಇಲ್ಲ. ಈಗೂ ಒಮ್ಮೊಮ್ಮೆ ಬರ್ತೈತಿ. ಮೊದಲು ಒದರತಿತ್ತು, ಈಗ ಮಾತಾಡ್ತೈತಿ" ಅಂದರು.

ಗುಳಿಗೆ ಐದರಲ್ಲಿ ಒಂದು ಪಾಲಿಗೆ ಇಳಿಯಲು ಐದು ವರ್ಷ ಬೇಕಾಯಿತು. 2019ರ ಚಳಿಗಾಲದಲ್ಲಿ ಪೂರ್ತಿ ಬಿಡಲು ನೋಡಿದರು. ಆರನೆಯ ವಾರ ನಿದ್ದೆ ಮೂರು ಗಂಟೆಗೆ ಬಂತು. ತಾವೇ ಡಾ. ಪಾರ್ಕ್‌ಗೆ ಫೋನ್ ಮಾಡಿ, ಮತ್ತೆ ಅದೇ ಚಿಕ್ಕ ಗುಳಿಗೆಗೆ ಮರಳಿದರು. ಸೋತಂತೆ ಅನ್ನಿಸಲಿಲ್ಲವೇ ಎಂದಿದ್ದಕ್ಕೆ, "ಯಾಕ ಸೋಲು? ಉತ್ತರ ಸಿಕ್ತು" ಅಂದರು. ಇವತ್ತಿಗೂ ಅದನ್ನು ತೆಗೆದುಕೊಳ್ಳುತ್ತಾರೆ.

ಈ ನಡುವೆ ಅವರು ತಮಗೊಂದು ಕೆಲಸ ಹುಡುಕಿಕೊಂಡಿದ್ದರು. 2017ರಲ್ಲಿ ತರಬೇತಿ ಮುಗಿಸಿ, ಪರೀಕ್ಷೆ ಪಾಸು ಮಾಡಿ, ಆಸ್ಪತ್ರೆಗಳಿಗೆ ಫೋನಿನಲ್ಲಿ ಕನ್ನಡ ದುಭಾಷಿಯಾದರು. ಬೇರೆ ಯಾವ ಕೆಲಸ ಮಾಡಲಿ ಎಂದು ಯೋಚಿಸಲೇ ಇಲ್ಲವಂತೆ. ಬೆಡ್‌ರೂಮಿನ ಕ್ಲಾಸೆಟ್ಟಿನಲ್ಲಿ, ನೇತುಹಾಕಿದ ಸೀರೆಗಳ ನಡುವೆ ಒಂದು ಸ್ಟೂಲು, ಒಂದು ಹೆಡ್‌ಸೆಟ್ಟು. ಹೊರಗಿನ ಸದ್ದು ಬರಬಾರದಲ್ಲ. ವಾರಕ್ಕೆ ಎಂಟೋ ಹತ್ತೋ ಕರೆಗಳು. ಕೋವಿಡ್ ಕಾಲದಲ್ಲಿ ದಿನಕ್ಕೆ ಅಷ್ಟು.

ಹೊಸಬರಿಗೆ ಪಾಠ ಹೇಳುವಾಗ, ಹೆಸರು ಊರು ಬದಲಿಸಿ, ಅವರು ಹೇಳುವ ಒಂದು ಪ್ರಸಂಗವಿದೆ. ಮಗನ ಮನೆಗೆ ಬಂದಿದ್ದ ವಯಸ್ಸಾದ ಒಬ್ಬರು ಊಟ ಬಿಟ್ಟಿದ್ದರು. ಆಸ್ಪತ್ರೆಯಲ್ಲಿ ಡಾಕ್ಟರು ಯಾಕೆ ಎಂದು ಕೇಳಿದಾಗ, "ನನ್ನ ಸೊಸೆ ತಲೇಲಿ ಹುಳ ಬಿಟ್ಟಿದ್ದಾಳೆ" ಅಂದರು. ಅದನ್ನು ಅಕ್ಷರಕ್ಕೆ ಅಕ್ಷರ ಹೇಳಿದ್ದರೆ ಆ ಮನುಷ್ಯರು ಆ ದಿನ ಯಾವ ವಾರ್ಡಿಗೆ ಹೋಗುತ್ತಿದ್ದರೋ! ಶಿವಕ್ಕ, ಸೊಸೆ ಆಡಿದ ಒಂದು ಮಾತಿನಿಂದ ಅವರಿಗೆ ಅನುಮಾನ ಹುಟ್ಟಿದೆ, ಅದು ಕೊರೆಯುತ್ತಿದೆ ಎಂದು ಹೇಳಿದರು. ಇದು ಕನ್ನಡದಲ್ಲಿ ದಿನಬಳಕೆಯ ಮಾತು ಎಂದೂ ತಿಳಿಸಿದರು. ದುಭಾಷಿ ಮಿತಿ ಮೀರಿದಳೆಂದು ಆ ಡಾಕ್ಟರು ಕಂಪನಿಗೆ ದೂರು ಕೊಟ್ಟರು. ಶಿವಕ್ಕ ತರಬೇತಿಯ ಪುಸ್ತಕ ತೆಗೆದು, ಅರ್ಥ ತಪ್ಪುವಂತಿದ್ದರೆ ವಿವರಿಸಬೇಕು ಎನ್ನುವ ನಿಯಮವನ್ನು ತೋರಿಸಿ ಉತ್ತರ ಬರೆದರು. ದೂರು ವಜಾ ಆಯಿತು. ಆ ಹಿರಿಯರಿಗೆ ಸೊಸೆ ಅಂದದ್ದು, ಇನ್ನು ಊರಿಗೆ ಹೋಗುವ ಟಿಕೆಟ್ ಯಾಕೆ ಎಂಬ ಮಾತು, ಅಷ್ಟೇ; ತನ್ನನ್ನು ಮತ್ತೆ ಊರಿಗೆ ಕಳಿಸುವುದಿಲ್ಲವೇನೋ ಎಂದು ಅವರಿಗೆ ಅನ್ನಿಸಿತ್ತು.

2021ರ ನವೆಂಬರಿನಲ್ಲಿ ನನ್ನ ತಮ್ಮ ಸುಮೀತನ ಸರದಿ ಬಂತು. ಹಿಲ್ಸ್‌ಬರೋದಲ್ಲಿ ಒಬ್ಬನೇ ಇದ್ದ, ಇಪ್ಪತ್ತೊಂಬತ್ತು ವರ್ಷ. ಫೋನ್ ಎತ್ತುತ್ತಿಲ್ಲವೆಂದು ಹೋಗಿ ನೋಡಿದರೆ ಕಿಟಕಿಗಳಿಗೆಲ್ಲ ಅಲ್ಯುಮಿನಿಯಂ ಫಾಯಿಲ್ ಅಂಟಿಸಿಕೊಂಡು ಕೋಣೆಯಲ್ಲಿ ಕೂತಿದ್ದ. ಲ್ಯಾಪ್‌ಟಾಪಿನ ಕ್ಯಾಮೆರಾದಿಂದ ಆಫೀಸಿನವರು ನೋಡುತ್ತಿದ್ದಾರೆ ಎನ್ನುತ್ತಿದ್ದ. ನಾನು ಶಿವಕ್ಕನಿಗೆ ಫೋನ್ ಮಾಡಿದೆ. ನಲವತ್ತು ನಿಮಿಷದಲ್ಲಿ ಬಂದರು. ಅವನ ಕೋಣೆಯ ಮುಚ್ಚಿದ ಬಾಗಿಲ ಹೊರಗೆ ನೆಲದ ಮೇಲೆ ಕೂತರು.

"ಸುಮೀತ್, ನಾ ಶಿವಕ್ಕ. ನಿಮ್ಮಕ್ಕನ ಎದುರು ಮನಿಯಾಕಿ. ಒಳಗ ಬರೂದಿಲ್ಲ. ಇಲ್ಲೇ ಕುಂದರ್ತೀನಿ."

"ಆರ್ ಯು ವಿತ್ ದೆಮ್?"

"ಯಾರ ಜೋಡೀನೂ ಇಲ್ಲಪ. ಮೊಣಕಾಲಿನ ಜೋಡಿ ಜಗಳಾ ಮಾಡಕೊಂತ ಕುಂತೀನಿ."

ಎರಡು ಗಂಟೆ ಹೀಗೇ ಕಳೆಯಿತು. ಕ್ಯಾಮೆರಾ ಇಲ್ಲ ಎಂದು ಅವರು ಹೇಳಲಿಲ್ಲ, ಇದೆ ಎಂದೂ ಹೇಳಲಿಲ್ಲ. ಯಾವಾಗಿಂದ ಹಾಗನ್ನಿಸಿತು, ನಿದ್ದೆ ಬಂದು ಎಷ್ಟು ದಿನವಾಯಿತು, ನೋಡುತ್ತಿರುವವರು ಏನು ಹೇಳುತ್ತಾರೆ, ಹೀಗೆ ಒಂದೊಂದಾಗಿ ಕೇಳಿದರು. ಕೊನೆಗೆ ಅವನು ಬಾಗಿಲು ತೆಗೆದು ನೀರು ಕೇಳಿದ. ನೀರು ಕೊಟ್ಟು, ಇನ್ನೂ ಸ್ವಲ್ಪ ಮಾತಾಡಿ, ಶಿವಕ್ಕ ಅಡುಗೆಮನೆಗೆ ಬಂದರು. ಮುಖ ಬಿಗಿದಿತ್ತು.

"ನೀತಾ, ಆಸ್ಪತ್ರಿಗೆ ಹೋಗೂಣು. ಈಗ. ಐದು ದಿನಾ ಆತು ಅವಾ ಮಲಗಿ. ಮ್ಯಾಲಿಂದ ಜಿಗಿ ಅಂತ ಹೇಳ್ಲಿಕತ್ತಾವಂತ ದನಿ."

"ಆಸ್ಪತ್ರೇನಾ? ನೀವೇ ಹೀಗೆ ಹೇಳ್ತೀರಾ ಶಿವಕ್ಕ?"

"ಆಸ್ಪತ್ರಿ ಬ್ಯಾಡ ಅಂತ ನಾ ಯಾವತ್ತರೆ ಹೇಳೇನೇನು? ಕೇಳಿಸ್ಕೊಳ್ಳದ ಆಸ್ಪತ್ರಿ ಬ್ಯಾಡ ಅಂದೀನಿ. ನಾವು ಜೋಡೀಲೆ ಹೋಗೂಣು, ಕೇಳಿಸ್ಕೊಳ್ಳೂ ಹಂಗ ಮಾಡೂಣು. ಅವನ್ನ ನಮ್ಮ ಕಾರಿನಾಗ ಕರಕೊಂಡು ಹೋಗೂಣು. ಎಲ್ಲಿಗೆ ಅಂತ ಅವಗ ಮೊದಲ ಹೇಳು, ಸುಳ್ಳು ಹೇಳಬ್ಯಾಡ."

ಹೇಳಿದೆ. ಅವನು ಬೇಡ ಅಂದ, ಅತ್ತ, ಆಮೇಲೆ ಶೂ ಹಾಕಿಕೊಂಡ. ಎಮರ್ಜೆನ್ಸಿಯಲ್ಲಿ ಒಂಬತ್ತು ಗಂಟೆ ಕಾದೆವು. ಶಿವಕ್ಕ ಅಲ್ಲಿನ ಡಾಕ್ಟರರ ಹತ್ತಿರ ಜಗಳವಾಡಲಿಲ್ಲ. ಎರಡೇ ಕೇಳಿಕೊಂಡರು: ಯಾವ ಔಷಧಿ ಯಾಕೆ ಎಂದು ಅವನಿಗೇ ಹೇಳಿ, ಕಾಲಿನಲ್ಲಿ ಚಡಪಡಿಕೆ ಇದೆಯೇ ಎಂದು ದಿನಾ ಕೇಳಿ. ಎರಡನ್ನೂ ಫೈಲಿನಲ್ಲಿ ಬರೆಸಿದರು. ನಾಲ್ಕನೆಯ ದಿನ ಸುಮೀತನಿಗೆ ಚಡಪಡಿಕೆ ಬಂದೇ ಬಂತು. ಅದೇ ಸಂಜೆ ಔಷಧಿ ಬದಲಾಯಿತು. ಹದಿಮೂರನೆಯ ದಿನ ಮನೆಗೆ ಬಂದ.

ಸುಮೀತ ಈಗ ಕೆಲಸಕ್ಕೆ ಹೋಗುತ್ತಾನೆ. ಗುಳಿಗೆ ಪೂರ್ತಿ ತೆಗೆದುಕೊಳ್ಳುತ್ತಾನೆ. ಅವನಿಗೆ ಅದು ಒಗ್ಗಿದೆ, ಇಳಿಸುವ ಆಸೆಯಿಲ್ಲ. ಶಿವಕ್ಕ ಒಂದು ದಿನವೂ ಇಳಿಸು ಅಂದವರಲ್ಲ. ತಿಂಗಳಿಗೆ ಎರಡು ಶನಿವಾರ ಲೈಬ್ರರಿಯ ಒಂದು ರೂಮಿನಲ್ಲಿ ಅವರು ನಡೆಸುವ ಗುಂಪಿಗೆ ಹೋಗುತ್ತಾನೆ. ದನಿ ಕೇಳಿಸಿಕೊಳ್ಳುವವರು, ಅವರ ಮನೆಯವರು ಕೂಡುವ ಜಾಗ ಅದು. ಹೆಸರು 'ಕಿವಿಮಾತು'. ಮೊದಲ ವರ್ಷ ಮೂರು ಜನ. ಈಗ ಹದಿನೈದು ಇಪ್ಪತ್ತು, ತೆಲುಗಿನವರು, ಗುಜರಾತಿನವರು ಸೇರಿ. ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಇದಕ್ಕೊಂದು ಟೇಬಲ್ ಕೊಡಿ ಎಂದು ಶಿವಕ್ಕ ಕೇಳಿದಾಗ, ಸಂಘದ ಗಿರಿಜಾದೇವಿ ಆಂಟಿ, "ಹಬ್ಬದ ದಿನ ಇಂಥದ್ದೆಲ್ಲ ಬೇಡಮ್ಮ, ಜನ ಮುಜುಗರ ಪಡ್ತಾರೆ" ಅಂದಿದ್ದರು. ಶಿವಕ್ಕ ಸರಿ ಎಂದು, ಚಿತ್ರಾನ್ನದ ಕೌಂಟರಿನಲ್ಲಿ ಸ್ವಯಂಸೇವಕಿಯಾಗಿ ನಿಂತು, ಬಂದವರಿಗೆಲ್ಲ ತಟ್ಟೆಯ ಜೊತೆ ಗುಂಪಿನ ವಿವರವಿದ್ದ ಒಂದು ಚೀಟಿ ಕೊಟ್ಟರು. ಇನ್ನೂರು ಚೀಟಿ ಖರ್ಚಾದವು. ಯಾರೂ ವಾಪಸು ಕೊಡಲಿಲ್ಲ.

ಗುಂಪಿನಲ್ಲಿ ಹೊಸಬರು ಕೇಳುವ ಮೊದಲ ಪ್ರಶ್ನೆ, ಗುಳಿಗೆ ಬಿಡಲೇ ಎಂಬುದು. "ನಾ ಡಾಕ್ಟರ್ ಅಲ್ಲ" ಎನ್ನುತ್ತಾರೆ ಶಿವಕ್ಕ. "ಇವತ್ತ ಬಿಡಬ್ಯಾಡ, ನಾಳೆನೂ ಬಿಡಬ್ಯಾಡ. ಮೊದಲ ನಿನ್ನ ಡಾಕ್ಟರಿಗೆ ಪ್ರಶ್ನೆ ಕೇಳೂದ ಕಲಿ." ಕೇಳಬೇಕಾದ ಪ್ರಶ್ನೆಗಳನ್ನು ಕಾಗದದ ಮೇಲೆ ಬರೆಸುತ್ತಾರೆ. ಕೆಲವರು ಅಷ್ಟಕ್ಕೇ ಅಳುತ್ತಾರೆ.

ಅವರಿಗೀಗ ಐವತ್ತಮೂರು. ಭೂಮಿಕಾ ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದ್ದಾಳೆ. ಈ ಜನವರಿಯಿಂದ ಶಿವಕ್ಕ ಈಜು ಕಲಿಯುತ್ತಿದ್ದಾರೆ. ವಾರಕ್ಕೆ ಎರಡು ದಿನ ನಾನೂ ಜೊತೆಗೆ ಹೋಗುತ್ತೇನೆ. ಮೊಣಕಾಲಿಗೆ ಒಳ್ಳೆಯದೆಂದು ಡಾಕ್ಟರು ಹೇಳಿದ್ದು ನಿಜ, ಆದರೆ ನೀರೆಂದರೆ ಅವರಿಗೆ ವಿಪರೀತ ಭಯ. ಮೊದಲ ತಿಂಗಳು ಅಂಚಿನ ಕಂಬಿ ಬಿಡಲಿಲ್ಲ. ಕಲಿಸುವ ಹುಡುಗಿ ಪ್ರತಿ ಸಲ, "ಜಸ್ಟ್ ರಿಲ್ಯಾಕ್ಸ್" ಎನ್ನುತ್ತಾಳೆ. ಶಿವಕ್ಕ ನನ್ನ ಕಡೆ ತಿರುಗಿ, "ಹೇಳೂದು ಸಲೀಸೈತಿ ನೋಡವಾ ಇಕಿಗೆ" ಎನ್ನುತ್ತಾರೆ. ಹೋದ ಗುರುವಾರ ಕಂಬಿ ಬಿಟ್ಟು, ಕಾಲು ಬಡಿದು, ಹತ್ತು ಅಡಿಯಷ್ಟು ಹೋದರು. ಮೂಗಿಗೆ ನೀರು ಹೊಕ್ಕು ಕೆಮ್ಮುತ್ತ ಎದ್ದು ನಿಂತು, ಕಣ್ಣು ಒರೆಸಿಕೊಂಡು, ತಿರುಗಿ ಎಷ್ಟು ದೂರ ಬಂದೆನೆಂದು ನೋಡಿದರು. ಆಮೇಲೆ ಮತ್ತೆ ನೀರಿಗೆ ಮುಖ ಇಟ್ಟರು.